ಧ್ವನಿ ಬರ್ತಿಲ್ಲ

“ಮೈಕ್ ಆನ್ ಮಾಡಿ, ಪ್ಲೀಸ್!”

ಟ್ಯಾಬ್ಲೆಟ್ ಮೇಲೆ ಬಂದ ಕಾಮೆಂಟನ್ನು ಚೂಟಿ ಓದಿದಳು. ತಲೆ ಎತ್ತಿ ನೋಡಿದಳು. ತರಗತಿಯ ಮುಂದೆ ನಿಂತು ಗುಬ್ಬಿ ‘ನಮ್ಮಪ್ಪನ ಬಸ್ಸು’ ಬಗ್ಗೆ ಹೇಳುತ್ತಿದ್ದಳು. ತರಗತಿಗೆಲ್ಲ ಚೆನ್ನಾಗಿಯೇ ಕೇಳಿಸುತ್ತಿತ್ತು. ಅವಳ ಕಾಲರ್‌ಗೆ ಸಿಕ್ಕಿಸಿದ್ದ ಪುಟ್ಟ ಮೈಕಿನ ಸ್ವಿಚ್ ಮಾತ್ರ ಆಫ್ ಆಗಿತ್ತು. ಅದು ಲೈವ್ ನೋಡುವವರಿಗಾಗಿ ಇಟ್ಟ ಮೈಕ್.

“ಕಾಮೆಂಟ್ ನೋಡ್ತಾ ಇರು. ಯಾರಾದ್ರೂ ಏನಾದ್ರೂ ಕೇಳಿದ್ರೆ ತಕ್ಷಣ ಗುಬ್ಬಿಗೆ ಹೇಳು,” ಎಂದಿದ್ದರು ಟೀಚರ್. ಮಾತಾಡೋಕೆ ಗುಬ್ಬಿ, ಕಾಮೆಂಟ್ ನೋಡೋಕೆ ನಾನಾ? ಬೆಳಗ್ಗೆಯಿಂದ ಚೂಟಿಯ ಮುಖ ಊದಿಕೊಂಡೇ ಇತ್ತು.

‘ಒಂದು ನಿಮಿಷ ಬಿಟ್ಟು ಹೇಳಿದರಾಯ್ತು’ ಎಂದುಕೊಂಡಳು.

ಮತ್ತೊಂದು ಕಾಮೆಂಟ್ ಬಂತು. “ಮಗಳೇ, ನಾನು ಅಪ್ಪ. ಡಿಪೋದಲ್ಲಿ ಎಲ್ಲರೂ ಕೂತು ನೋಡ್ತಿದೀವಿ. ನಿನ್ನ ಬಾಯಿ ಆಡೋದು ಕಾಣ್ತಿದೆ, ಧ್ವನಿ ಬರ್ತಿಲ್ಲ.”

ಚೂಟಿ ಗುಬ್ಬಿಯ ಕಡೆ ನೋಡಿದಳು. ಈಗ ಹೇಳಿದರೆ ‘ಇಷ್ಟು ಹೊತ್ತು ಏನು ಮಾಡ್ತಿದ್ದೆ?’ ಅಂತ ಟೀಚರ್ ಕೇಳುತ್ತಾರೆ. ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

ಗುಬ್ಬಿ ಟೈರ್‌ಗೆ ಸುತ್ತಿಗೆಯಿಂದ ಬಡಿದು ಗಾಳಿ ನೋಡುವುದನ್ನು ಅಪ್ಪನ ಹಾಗೆಯೇ ಮಾಡಿ ತೋರಿಸಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳಿಗೆ ಕೊಟ್ಟಿದ್ದ ಆರು ನಿಮಿಷ ಮುಗಿಯಿತು. ಚಪ್ಪಾಳೆ ಬಿತ್ತು.

ಗುಬ್ಬಿ ಓಡಿ ಬಂದಳು. “ಅಪ್ಪ ಏನ್ ಬರೆದ್ರು ಕಣೇ? ನಕ್ಕರಾ?”

ಚೂಟಿ ಟ್ಯಾಬ್ಲೆಟ್ ಕೊಟ್ಟಳು. ಗುಬ್ಬಿ ಒಂದೊಂದನ್ನೇ ಓದಿದಳು. ಕೊನೆಯದು ಹೀಗಿತ್ತು: “ಕೇಳಿಸದಿದ್ರೂ ಪೂರ್ತಿ ನೋಡಿದ್ವಿ ಮಗಳೇ. ಬಸ್ ಟೈಮಾಯ್ತು.”

“ನೀನು ನೋಡ್ಲಿಲ್ಲ ಅನ್ಸುತ್ತೆ ಕಣೇ,” ಎಂದಳು ಗುಬ್ಬಿ.

ಹೌದು ಅಂದುಬಿಟ್ಟರೆ ಮುಗಿದೇ ಹೋಗುತ್ತಿತ್ತು.

“ನೋಡ್ದೆ,” ಎಂದಳು ಚೂಟಿ.

ಗುಬ್ಬಿ ಬೈಯಲಿಲ್ಲ. ಕಾಲರ್‌ನಿಂದ ಮೈಕ್ ಬಿಚ್ಚಿ ಟ್ಯಾಬ್ಲೆಟ್ ಜೊತೆ ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದಳು.

“ಗುಬ್ಬೀ, ಇನ್ನೊಂದ್ಸಲ ಹೇಳೇ, ರೆಕಾರ್ಡ್ ಮಾಡೋಣ!” ಎಂದು ಚೂಟಿ ಕೂಗಿದಳು.

“ಡಿಪೋದಲ್ಲಿ ಎಲ್ರೂ ಒಟ್ಟಿಗೆ ಕೂತಿದ್ರು ಕಣೇ ಇವತ್ತು,” ಎಂದಳು ಗುಬ್ಬಿ, ತಿರುಗಿ ನೋಡದೆ.

ಬೆಲ್ ಹೊಡೆದು ತರಗತಿ ಖಾಲಿಯಾದ ಮೇಲೆ ಚೂಟಿ ಒಬ್ಬಳೇ ಉಳಿದಳು. ಟ್ಯಾಬ್ಲೆಟ್ ಎಳೆದುಕೊಂಡು ಮೆಲ್ಲಗೆ ಟೈಪ್ ಮಾಡಿದಳು: “ಅಂಕಲ್, ಮೈಕ್ ಆಫ್ ಆಗಿತ್ತು. ನಂಗೆ ಗೊತ್ತಿತ್ತು. ನಾನೇ ಹೇಳ್ಲಿಲ್ಲ.”

ಪರದೆಯ ಮೂಲೆಯಲ್ಲಿ, ನೋಡುತ್ತಿರುವವರು ಎಷ್ಟು ಜನ ಎಂದು ತೋರಿಸುವ ಜಾಗದಲ್ಲಿ ಸೊನ್ನೆ ಇತ್ತು. ಚೂಟಿ ಅದನ್ನೇ ನೋಡುತ್ತ ಕೂತಳು. ಆಮೇಲೆ ಕಳಿಸುವ ಬಟನ್ ಒತ್ತಿದಳು.