ಬೀದಿಗೆ ಮುಖ ಮಾಡಿದ ಬಾಟಲಿ

ಹಲ್ಲಿನ ಡಾಕ್ಟರು ಬಾಟಲಿಯನ್ನು ಮೇಜಿನ ಮೇಲೆ ಕುಕ್ಕಿದರು.

"ಇದು ವೈನಾ? ನಮ್ಮತ್ತೆ ಒಂದೇ ಒಂದು ಗುಟುಕು ಬಾಯಿಗೆ ಹಾಕ್ಕೊಂಡು ಹಾಗೇ ಸಿಂಕಿಗೆ ಉಗಿದ್ರು! ಮಾವನ ಅರವತ್ತನೇ ಹುಟ್ಟುಹಬ್ಬ, ನೆಂಟರೆಲ್ಲ ಕೂತಿದ್ದಾರೆ—ನನ್ನ ಮಾನ ಹೋಯ್ತು!"

ವೈನ್ ಅಂಗಡಿಯ ಯಜಮಾನ ಮೂಸಿ ನೋಡಿದ. ಹುಳಿ ವಾಸನೆ ಗಪ್ಪನೆ ಮೂಗಿಗೆ ಹೊಡೆಯಿತು. ಹನ್ನೆರಡು ವರ್ಷ ಹಳೆಯ ಕೆಂಪು ವೈನು, ಅಂಗಡಿಯಲ್ಲೇ ದುಬಾರಿ ಮಾಲು. ತಲೆಯೆತ್ತಿದ್ದೇ ತಡ, ಮಾರಾಟ ನೋಡಿಕೊಳ್ಳುವ ಹೆಂಗಸಿನ ಮೇಲೆ ಹರಿಹಾಯ್ದ.

"ಒಳಗಿನ ಕಪಾಟಿನ ಬೀಗದ ಕೈ ಇರೋದು ನಿನ್ನ ಸೊಂಟದಲ್ಲಿ. ಒಳ್ಳೇದನ್ನ ಮನೆಗೆ ಸಾಗಿಸಿ ಕೆಟ್ಟಿದ್ದನ್ನ ಇಟ್ಟಿದ್ದೀಯ. ಕಳ್ಳಿ!"

ಐದಾರು ಗಿರಾಕಿಗಳು ತಿರುಗಿ ನೋಡಿದರು. ಆಕೆಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಒಂಬತ್ತು ವರ್ಷ ಇಲ್ಲೇ ದುಡಿದಿದ್ದಾಳೆ. ಕಳ್ಳಿ ಅನ್ನಿಸಿಕೊಂಡು ಹೊರಬಿದ್ದರೆ ಇನ್ಯಾವ ಅಂಗಡಿಯವನು ಕರೆದು ಕೆಲಸ ಕೊಡುತ್ತಾನೆ? ಮನೆಯಲ್ಲಿ ಸಂಪಾದಿಸುವವಳು ಅವಳೊಬ್ಬಳೇ.

ಐದು ನಿಮಿಷದ ಹಿಂದಷ್ಟೇ ಆಕೆ ಹೊಸ ಗಿರಾಕಿಯೊಬ್ಬರಿಗೆ ಪಾಠ ಹೇಳುತ್ತಿದ್ದಳು. ಅವರು ನಿವೃತ್ತ ಪೊಲೀಸ್ ಇನ್‌ಸ್ಪೆಕ್ಟರು. ಹುಟ್ಟಿದಾಗಿನಿಂದ ವೈನ್ ಕೊಂಡವರಲ್ಲ. ಬೀಗರು ಊಟಕ್ಕೆ ಬರುತ್ತಾರೆಂದು ಬಂದಿದ್ದರು. "ದೊಡ್ಡ ಹೆಸರು ನೋಡಿ ಮರುಳಾಗ್ಬೇಡಿ ಸಾರ್. ಏನು ಅಡುಗೆ, ಎಷ್ಟು ಖರ್ಚು ಮಾಡ್ತೀರ, ಇವೆರಡು ಹೇಳಿ ಸಾಕು. ಖಾರದ ಊಟ ಅಂದ್ರೆ ಸ್ವಲ್ಪ ಸಿಹಿ ಇರೋ ಬಿಳಿ ವೈನು. ತಿರುಪು ಮುಚ್ಚಳ ಇದ್ರೆ ಕಳಪೆ ಅಂತ ಏನಿಲ್ಲ" ಎಂದಿದ್ದಳು.

ಈಗ ಅವರೇ ಮುಂದೆ ಬಂದರು.

"ಯಜಮಾನ್ರೇ, ನಾನೊಂದೆರಡು ಪ್ರಶ್ನೆ ಕೇಳ್ಲಾ? ವೈನ್ ವಿಷಯದಲ್ಲಿ ನಾನು ಒಂದನೇ ಕ್ಲಾಸು. ಆದ್ರೆ ಪ್ರಶ್ನೆ ಕೇಳೋದ್ರಲ್ಲಿ ಮೂವತ್ತು ವರ್ಷ ಪೊಲೀಸ್ ಸರ್ವೀಸಾಗಿದೆ."

ಯಜಮಾನ ಮುಖ ಸಿಂಡರಿಸಿದ. ಆದರೆ ಪೊಲೀಸಿನವರಿಗೆ ಬೇಡ ಎನ್ನುವ ಧೈರ್ಯ ಬರಲಿಲ್ಲ.

"ಡಾಕ್ಟ್ರೇ, ಬಾಟ್ಲಿ ಯಾವಾಗ ಕೊಂಡ್ರಿ? ಯಾವಾಗ ತೆಗೆದ್ರಿ?"

"ನಿನ್ನೆ ಸಂಜೆ ಆರಕ್ಕೆ ಕೊಂಡೆ, ಎಂಟಕ್ಕೆ ತೆಗೆದೆ. ನಂಗೂ ವೈನ್ ಹೊಸದು. ಈ ಯಜಮಾನ್ರಿಗೂ ಹಾಗೇ ಹೇಳಿದ್ದೆ."

"ಬಿರಡೆ?"

ಡಾಕ್ಟರು ಜೇಬಿನಿಂದ ಕಾಗದದ ಪೊಟ್ಟಣ ತೆಗೆದರು. ಕಾರ್ಕಿನ ಬಿರಡೆ ಪುಡಿಪುಡಿಯಾಗಿತ್ತು. ಇನ್‌ಸ್ಪೆಕ್ಟರು ಬೆರಳಲ್ಲಿ ತಿಕ್ಕಿ ನೋಡಿದರು.

"ಅಕ್ಕಾ, ನೀವು ಬಾಟ್ಲಿಗಳನ್ನ ಕಪಾಟಿನಲ್ಲಿ ಯಾಕೆ ಮಲಗಿಸ್ತೀರ?"

"ಬಿರಡೆ ಯಾವಾಗ್ಲೂ ವೈನಲ್ಲಿ ನೆನೀತಾ ಇರ್ಬೇಕು ಸಾರ್. ತಿಂಗಳುಗಟ್ಟಲೆ ನಿಲ್ಲಿಸಿದ್ರೆ ಒಣಗಿ ಗಾಳಿ ಒಳಗೆ ಹೋಗತ್ತೆ, ವೈನ್ ಕೆಡತ್ತೆ."

"ಇದು ಒಣಗಿ ಬೆಂಡಾಗಿದೆ. ಒಂದು ರಾತ್ರಿಗೆ ಇಷ್ಟು ಒಣಗಲ್ಲ. ಅಂದ್ರೆ ಈ ಬಾಟ್ಲಿ ನಿಮ್ಮ ಕಪಾಟಲ್ಲಿ ಮಲಗೇ ಇರ್ಲಿಲ್ಲ. ನಿನ್ನೆ ಕಪಾಟಿಂದ ತೆಗೆದೋರು ಯಾರು?"

"ನಾನೇ. ತಂದು ಇದೇ ಮೇಜಿನ ಮೇಲಿಟ್ಟೆ." ಅಕ್ಕ ಮೇಜು ಮುಟ್ಟಿ ತೋರಿಸಿದಳು. "ಆಮೇಲೆ ಇನ್ನೊಬ್ಬ ಗಿರಾಕಿ ಕರೆದ್ರು, ಹೋದೆ. ಕಾಗದ ಸುತ್ತಿದ್ದು ಯಜಮಾನ್ರು."

"ನೋಡಿದ್ರಾ? ತೆಗೆದದ್ದು ಅವಳೇ!" ಯಜಮಾನ ಕೂಗಿದ.

"ಕೂಗ್ಬೇಡಿ. ಅಂಗಡೀಲಿ ಇದೇ ವೈನು ಇನ್ನೊಂದಿದೆಯಾ?"

ಅಕ್ಕ ಕಿಟಕಿಯತ್ತ ಕೈ ತೋರಿಸಿದಳು. ಬೀದಿಯ ಜನ ನೋಡಲೆಂದು ಗಾಜಿನ ಪೆಟ್ಟಿಗೆಯಲ್ಲಿ ಹತ್ತು ಬಾಟಲಿ ಸಾಲಾಗಿ ನಿಂತಿದ್ದವು. "ಅಲ್ಲೊಂದಿದೆ ಸಾರ್. ಆರು ತಿಂಗಳಿಂದ ಬಿಸಿಲಲ್ಲಿ ನಿಂತಿದೆ. ಅದು ಮಾರೋದಲ್ಲ, ತೋರ್ಸೋಕೆ."

"ಬನ್ನಿ, ಎಲ್ಲರೂ ಆಚೆ ಬನ್ನಿ."

ಜನ ಬೀದಿಗಿಳಿದು ಕಿಟಕಿ ನೋಡಿದರು. ಒಂಬತ್ತು ಬಾಟಲಿಗಳ ಚೀಟಿ ಬಿಸಿಲಿಗೆ ಬಣ್ಣಗೆಟ್ಟು ಬಿಳಚಿಕೊಂಡಿತ್ತು. ಅದೇ ಕೆಂಪು ವೈನಿನದ್ದು ಮಾತ್ರ ಹೊಸ ನೋಟಿನಂತೆ ಹೊಳೆಯುತ್ತಿತ್ತು. ಡಾಕ್ಟರು ಕೈಯಲ್ಲಿದ್ದ ತಮ್ಮ ಬಾಟಲಿ ತಿರುಗಿಸಿದರು—ಚೀಟಿ ಬಿಳಚಿತ್ತು.

"ಅಯ್ಯೋ! ನನ್ನ ಬಾಟ್ಲಿ ಅಲ್ಲಿ ನಿಂತಿದೆ!"

"ಒಳಗೆ ಕೆಲಸ ಮಾಡೋರಿಗೆ ಕಾಣೋದು ಬಾಟ್ಲಿಗಳ ಬೆನ್ನು ಮಾತ್ರ," ಎಂದರು ಇನ್‌ಸ್ಪೆಕ್ಟರು. "ಮುಖ ಇರೋದು ಬೀದಿ ಕಡೆಗೆ. ನಾನೋ, ಒಳಗೆ ಬರೋಕೆ ನಾಚಿಕೊಂಡು ಕಾಲು ಗಂಟೆ ಇಲ್ಲೇ ನಿಂತಿದ್ದೆ. ಇದೊಂದೇ ಯಾಕೆ ಹೊಸದು ಅಂತ ಆಗ್ಲೇ ಅನ್ನಿಸಿತ್ತು. ಎಲ್ಲರೂ ಕಪಾಟಿನ ಬೀಗದ ಕೈ ಹಿಂದೆ ಬಿದ್ರಿ. ಈ ಗಾಜಿನ ಪೆಟ್ಟಿಗೆ ಬೀಗದ ಕೈ ಯಾರ ಹತ್ರ ಇದೆ ಅಕ್ಕಾ?"

"ಯಜಮಾನ್ರ ಹತ್ರ ಮಾತ್ರ."

"ಹಾಗಾದ್ರೆ ಬದಲಾಯಿಸಿದೋರು ನೀವೇ, ಯಜಮಾನ್ರೇ. ಕಾಗದ ಸುತ್ತೋ ನೆಪದಲ್ಲಿ."

ಯಜಮಾನನ ಮುಖ ಕಪ್ಪಿಟ್ಟಿತು. "ಅಷ್ಟು ಬೆಲೆಯ ಬಾಟ್ಲಿ ದಂಡ ಆಗ್ಬಾರ್ದು ಅಂತ... ಹೊಸಬರು, ರುಚಿ ಗೊತ್ತಾಗಲ್ಲ ಅಂದ್ಕೊಂಡೆ."

"ನಮ್ಮತ್ತೆ ಹೊಸಬರಲ್ಲ ರೀ!" ಎಂದರು ಡಾಕ್ಟರು.

ಯಜಮಾನ ಪೆಟ್ಟಿಗೆಯ ಬೀಗ ತೆಗೆದು ಒಳ್ಳೆಯ ಬಾಟಲಿ ಡಾಕ್ಟರ ಕೈಗಿಟ್ಟ. ಅಕ್ಕನ ಮುಖ ನೋಡದೆ, "ಆಯ್ತು, ಹೋಗಿ ಕೆಲಸ ನೋಡು" ಎಂದು ಗೊಣಗಿದ.

ಅಕ್ಕ ಕದಲಲಿಲ್ಲ. "ಕಳ್ಳಿ ಅಂದಾಗ ಅಂಗಡಿಗೆಲ್ಲ ಕೇಳಿಸ್ತು ಸಾರ್. ಈಗ್ಲೂ ಹಾಗೇ ಹೇಳಿ."

"ತಪ್ಪಾಯ್ತು ಅಂದ್ನಲ್ಲ—"

"ಎಲ್ಲಿ ಅಂದ್ರಿ? ನಂಗಂತೂ ಕೇಳಿಸ್ಲಿಲ್ಲ."

ಜನ ಕಾದು ನಿಂತಿದ್ದರು. ಯಜಮಾನ ಬೆವರು ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಜೋರಾಗಿಯೇ ಹೇಳಿದ: "ಅಕ್ಕ ಕಳ್ಳಿ ಅಲ್ಲ. ಬದಲಾಯಿಸಿದ್ದು ನಾನು."

ಅಕ್ಕ ತಲೆಯಾಡಿಸಿದಳು. ಅಷ್ಟು ಹೊತ್ತು ತಡೆದಿದ್ದ ಅಳು ಆಗ ಬಂತು; ಎಲ್ಲರೆದುರೇ ಅತ್ತಳು, ಮುಖ ಮುಚ್ಚಿಕೊಳ್ಳಲಿಲ್ಲ.