ಸೀಬೆಮರದ ಮನೆಯ ಹೊಸ ಹುಡುಗಿ

"ಹಳೇದು ಹಾಕ್ರೋ... ಹಳೇದು!"

ಮುಂದಿನ ಸಾಲಿನಿಂದ ಯಾರೋ ಕೂಗಿದರು. ಚಿಂತಾಮಣಿಯ ಆ ಟಾಕೀಸಿನ ತುಂಬ ನಗು ಎದ್ದಿತು.

ಪರದೆಯ ಮೇಲೆ ಹೊಸ ನಾಯಕಿ ಸೀಬೆಮರಕ್ಕೆ ಒರಗಿ ಅಳುತ್ತಿದ್ದಳು. ಗಂಡ ಮನೆ ಬಿಟ್ಟು ಹೋಗುವ ದೃಶ್ಯ. 'ಸೀಬೆಮರದ ಮನೆ' ಮೊದಲು ಬಂದದ್ದು ಅಪ್ಪ ಅಮ್ಮಂದಿರ ಕಾಲದಲ್ಲಿ. ಈಗ ಅದೇ ಕಥೆ, ಅದೇ ಹೆಸರು, ಮುಖಗಳು ಮಾತ್ರ ಹೊಸವು. ಹಳೆಯದನ್ನು ನೋಡಿದ್ದವರೆಲ್ಲ ಆಸೆಯಿಂದ ಬಂದಿದ್ದರು. ಮಧ್ಯಂತರದ ಹೊತ್ತಿಗೆ ಅರ್ಧ ಜನ ಎದ್ದು ಹೋಗಿದ್ದರು.

ಹರಿಣಿ ಮಾತ್ರ ದುಪಟ್ಟಾದ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳು ಹಳೆಯದನ್ನು ನೋಡಿರಲಿಲ್ಲ. ಮೇಲೂರಿನಿಂದ ಚಿಕ್ಕಮ್ಮನ ಮನೆಗೆ ಬಂದಿದ್ದಳು, ಚಿಕ್ಕಮ್ಮ ಕರೆದರೆಂದು ಸಿನಿಮಾಗೆ ಬಂದಿದ್ದಳು, ಅಷ್ಟೇ.

ಸಿನಿಮಾ ಮುಗಿದು ಹೊರಗೆ ಬಂದರೆ ಬಾಗಿಲಲ್ಲೇ ಜಗಳ.

"ಏಮಪ್ಪಾ ಮಧು, ಇದನ್ನ ತೋರಿಸಕ್ಕಾ ನಮ್ಮನ್ನ ಕರೆದಿದ್ದು?" ಎರ್ರಪ್ಪ ಎಂಬ ಮುದುಕರು ಟಾಕೀಸಿನ ಮ್ಯಾನೇಜರನ್ನು ಹಿಡಿದುಕೊಂಡಿದ್ದರು. "ಹಳೇದ್ರಲ್ಲಿ ಆಯಮ್ಮ ಮರದ ಹತ್ರ ಸುಮ್ನೆ ನಿಂತ್ರೆ ಸಾಕು, ನಮ್ಮ ಕರುಳು ಕಿತ್ತು ಬರೋದು. ಇವಳು ಹಾಡು ಬೇರೆ ಹೇಳ್ತಾಳಲ್ಲಪ್ಪ."

"ಸಿನಿಮಾ ಮಾಡಿದ್ದು ನಾನಾ ತಾತ? ನಾನು ಟಿಕೆಟ್ ಹರಿಯೋನು."

ಹರಿಣಿ ಚಿಕ್ಕಮ್ಮನ ಕಿವಿಯ ಹತ್ತಿರ ಹೇಳಿದಳು. "ಪಾಪ, ಆ ಹುಡುಗಿ ಏನು ತಪ್ಪು ಮಾಡಿದ್ಲು ಚಿಕ್ಕಮ್ಮ? ಯಾರೂ ಅವಳನ್ನ ನೋಡ್ಲೇ ಇಲ್ಲ."

ಎಷ್ಟು ಮೆಲ್ಲಗೆ ಹೇಳಿದರೂ ಮ್ಯಾನೇಜರಿಗೆ ಕೇಳಿಸಿತ್ತು. ತಟ್ಟನೆ ತಿರುಗಿದ.

"ನೀವು ಹಳೇದು ನೋಡಿಲ್ಲ, ಅಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಅದಕ್ಕೇ ಅತ್ತಿದ್ದೀರಿ. ಇವರು ಯಾರೂ ಹೊಸ ಸಿನಿಮಾಗೆ ಬಂದಿಲ್ಲ ಕಣ್ರಿ. ಹಳೇದನ್ನ ಹುಡುಕ್ಕೊಂಡು ಬಂದ್ರು. ಅದು ಸಿಗ್ಲಿಲ್ಲ. ಕೋಪ ಆ ಹುಡುಗಿ ಮೇಲೆ."

ಹರಿಣಿ ನೆಲ ನೋಡುತ್ತಲೇ ಎಲ್ಲವನ್ನೂ ನೋಡುವವಳು. ಅವನ ಅಂಗಿಯ ಒಂದು ಗುಂಡಿಗೆ ಬೇರೆ ಬಣ್ಣದ ದಾರದ ಹೊಲಿಗೆ ಇತ್ತು. ತಾನೇ ಹೊಲಿದುಕೊಂಡಿರಬೇಕು... ಯಾಕೋ ಎದೆ ಚುಳ್ ಎಂದಿತು.

ದಾರಿಯಲ್ಲಿ ಚಿಕ್ಕಮ್ಮ ಹೇಳಿದರು. ಹೆಸರು ಮಧುಸೂದನ್. ಹೆಂಡತಿ ಗಂಗರತ್ನ ಜ್ವರದಲ್ಲಿ ತೀರಿಕೊಂಡು ಮೂರು ವರ್ಷವಾಗಿತ್ತು. ಮಕ್ಕಳಿಲ್ಲ, ಮನೆಯಲ್ಲಿ ತಾಯಿ ಒಬ್ಬರೇ.

ಅದೇ ತಿಂಗಳು ಚಿಕ್ಕಮ್ಮನ ಮೂಲಕ ಅವನ ಕಡೆಯಿಂದ ಕೇಳಿಕೊಂಡು ಬಂದರು. ಎರಡನೇ ಸಂಬಂಧ ಎಂದು ಅಮ್ಮ ಹಿಂದೆ ಮುಂದೆ ನೋಡಿದರು. ಅಪ್ಪ ಆವುಲಪ್ಪ ಮಗಳನ್ನೇ ಕೇಳಿದರು.

"ಏನಮ್ಮ ಹೇಳ್ತೀಯ?"

ಹರಿಣಿ ಹಿಪ್ಪುನೇರಳೆ ಸೊಪ್ಪಿನ ಕಂತೆ ಬಿಚ್ಚುತ್ತಾ, "ಆಗಲಿ ಅಪ್ಪ," ಅಂದಳು. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ರೇಷ್ಮೆ ಸಾಕುವ ಹುಳುಮನೆ ಸೇರಿದ ಮೇಲೆ ಅವಳು ತನಗಾಗಿ ಏನನ್ನಾದರೂ ಬೇಕು ಎಂದದ್ದು ಇದೇ ಮೊದಲು.

ತಾಂಬೂಲ ಬದಲಾಯಿಸಿಕೊಂಡರು. ಆಮೇಲೆ ಒಂದು ಭಾನುವಾರ ಚಿಂತಾಮಣಿಯ ಮನೆಗೆ ಕರೆದರು.

ಮಧುವಿನ ತಾಯಿ ಅನಸೂಯಮ್ಮ ಕೆಟ್ಟವರಾಗಿದ್ದರೆ ಹರಿಣಿಗೆ ಸುಲಭವಾಗುತ್ತಿತ್ತು. ಅವರು ತುಂಬಾ ಒಳ್ಳೆಯವರು. ಎದುರಿಗೆ ಕೂರಿಸಿಕೊಂಡು ತಲೆ ಬಾಚಿದರು. ಬೀರುವಿನಿಂದ ಹಸಿರು ಅಂಚಿನ ಕೆಂಪು ಸೀರೆ ತೆಗೆದು ಅವಳ ಹೆಗಲ ಮೇಲೆ ಹರಡಿದರು.

"ನಮ್ಮ ರತ್ನ ಧಾರೆಗೆ ಉಟ್ಟಿದ್ದು ಇದೇ ಕಣಮ್ಮ. ನಿನಗೂ ಇದನ್ನೇ ಉಡಿಸ್ತೀನಿ. ಅದೇ ಛತ್ರ ಹೇಳಿದ್ದೀನಿ, ಅದೇ ಅಡುಗೆಯವರು. ಅವಳ ಮದುವೆ ಎಷ್ಟು ಚೆನ್ನಾಗಿ ಆಯ್ತು ಗೊತ್ತಾ... ಎಲ್ಲ ಹಾಗೇ ಮಾಡೋಣ."

ಹರಿಣಿ ಹೂಂ ಅಂದಳು.

"ಸವತಿ ಬೊಟ್ಟೂ ಮಾಡಿಸಿದ್ದೀನಿ," ಎಂದು ಬೇಳೆಯಷ್ಟು ಚಿಕ್ಕ ಚಿನ್ನದ ಬೊಟ್ಟು ತೋರಿಸಿದರು. ಎರಡನೆಯವಳಾಗಿ ಬಂದವಳು ತನ್ನ ತಾಳಿಯ ಜೊತೆ ಮೊದಲನೆಯವಳ ಹೆಸರಲ್ಲಿ ಹಾಕಿಕೊಳ್ಳುವ ಬೊಟ್ಟು ಅದು. ಹೋದವಳನ್ನು ಮರೆತಿಲ್ಲ ಎನ್ನುವುದಕ್ಕೆ.

ಬೊಟ್ಟು ನೋಡಿ ಹರಿಣಿಗೆ ಏನೂ ಅನ್ನಿಸಲಿಲ್ಲ. ಕಷ್ಟವಾದದ್ದು ಸೀರೆ.

ಆಗಲೇ ಮಧು ಬಾಗಿಲಿಗೆ ಬಂದ. ಆ ಸೀರೆಯಲ್ಲಿ ಅವಳನ್ನು ನೋಡಿದ. ಅವನ ಮುಖದ ಬಣ್ಣವೇ ಹೋಯಿತು. ಬಂದ ಹೆಜ್ಜೆಯಲ್ಲೇ ಹೊರಗೆ ಹೊರಟುಹೋದ.

'ಅವರಿಗೆ ಕಂಡದ್ದು ನಾನಲ್ಲ... ರತ್ನ ಅಕ್ಕ.' ಹರಿಣಿ ಕಣ್ಣು ಕೆಳಗೆ ಹಾಕಿದಳು.

ಅಂದಿನಿಂದ ಆ ಮನೆಯ ಪ್ರತಿ ಫೋನಿನಲ್ಲೂ ರತ್ನ ಇದ್ದಳು. ರತ್ನ ಸಾರಿಗೆ ಬೆಲ್ಲ ಹಾಕುತ್ತಿದ್ದಳು. ರತ್ನ ಎದುರು ಮಾತಾಡಿದವಳೇ ಅಲ್ಲ.

ಹುಳುಗಳು ನಾಲ್ಕನೇ ಜ್ವರ ದಾಟಿದ್ದವು. ರೇಷ್ಮೆ ಸಾಕುವವರು ಹುಳು ಪೊರೆ ಬಿಡುವುದನ್ನು ಜ್ವರ ಅನ್ನುತ್ತಾರೆ. ಅದು ಮುಗಿದರೆ ಹುಳುವಿಗೆ ಹೊಟ್ಟೆಬಾಕ ಹಸಿವು, ಮನೆಯವರಿಗೆ ಬಿಡುವಿಲ್ಲದ ಕೆಲಸ. ಅಂಥ ಒಂದು ಬೆಳಿಗ್ಗೆ ಅನಸೂಯಮ್ಮನ ಫೋನು.

"ಮಧು ಆ ಕಡೆ ಬರ್ತಿದ್ದಾನೆ, ಮಲ್ಲಿಗೆ ಕಳಿಸಿದ್ದೀನಿ. ರತ್ನ ಒಂದಿನ ಮಲ್ಲಿಗೆ ಇಲ್ದೆ ಇರ್ತಿರಲಿಲ್ಲ. ನೀನೂ ಮುಡ್ಕೋ ತಾಯಿ."

ಫೋನು ಇಡುವಷ್ಟರಲ್ಲಿ ಅವನು ಹುಳುಮನೆಯ ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಬಾಳೆಎಲೆಯ ಪೊಟ್ಟಣ. ಘಮ್ಮೆನ್ನುವ ವಾಸನೆ.

"ಬರಬೇಡಿ," ಎಂದು ಅವಳು ಕೈ ಅಡ್ಡ ಹಿಡಿದಳು.

ಹುಳುಮನೆಗೆ ಹೂವು, ಸೆಂಟು, ಊದುಬತ್ತಿ ಯಾವುದೂ ಆಗದು. ಘಾಟು ವಾಸನೆ ಬಡಿದರೆ ಹುಳು ಸೊಪ್ಪು ಬಿಟ್ಟು ತಲೆಯೆತ್ತುತ್ತವೆ. ಈ ಸೀಮೆಯ ಮಕ್ಕಳಿಗೂ ಗೊತ್ತಿರುವ ವಿಷಯ. ಪೇಟೆಯಲ್ಲಿ ಬೆಳೆದು ಟಾಕೀಸಿನಲ್ಲಿ ದುಡಿಯುವ ಅವನಿಗೆ ಗೊತ್ತಿರಲಿಲ್ಲ. ಹೇಳಬಹುದಿತ್ತು. ಆದರೆ ಬಾಯಿ ತೆರೆದರೆ ಅಳುವೇ ಬರುತ್ತದೆಂದು ಅವಳು ಸುಮ್ಮನಾದಳು. ಪೊಟ್ಟಣ ತೆಗೆದುಕೊಂಡು ಹೋಗಿ ದೂರದ ಕಾಂಪೌಂಡ್ ಗೋಡೆಯ ಮೇಲಿಟ್ಟು, ಕೈ ತೊಳೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅವನಿಗೆ ಕಂಡದ್ದು ಇಷ್ಟೇ: ಹೂವು ಮುಟ್ಟಿದ್ದಕ್ಕೆ ಕೈ ತೊಳೆದಳು!

ಅವನು ಸ್ವಲ್ಪ ಹೊತ್ತು ನಿಂತಿದ್ದು, ಬೈಕ್ ತಿರುಗಿಸಿಕೊಂಡು ಹೋದ. ಮತ್ತೆ ಫೋನು ಮಾಡಲಿಲ್ಲ.

ಅವಳೂ ಮಾಡಲಿಲ್ಲ. 'ಮಲ್ಲಿಗೆ ಬೇಕಾದವಳು ನಾನಲ್ಲವಲ್ಲ...'

ಒಂದು ಮಧ್ಯಾಹ್ನ ಸೊಪ್ಪು ಹಾಕಿ ಬಂದು ಕೂತಾಗ ಫೋನಿನಲ್ಲಿ ಹಳೆಯ 'ಸೀಬೆಮರದ ಮನೆ' ಸಿಕ್ಕಿತು. ನೋಡಿದಳು. ಮರದ ದೃಶ್ಯ ಬಂತು. ಹಳೆಯ ನಾಯಕಿ ಅಳಲಿಲ್ಲ, ಹಾಡಲಿಲ್ಲ. ಗಂಡ ಹೋಗುತ್ತಿರುವಾಗ ಉಗುರಿನಿಂದ ಮರದ ಸಿಪ್ಪೆ ಸುಲಿಯುತ್ತಾ ನಿಂತಿದ್ದಳು. ದೂರದಲ್ಲಿ ಬಾವಿಯ ಗಡಗಡೆಯ ಸದ್ದು. ಅಷ್ಟೇ.

ಹರಿಣಿ ಆ ದೃಶ್ಯವನ್ನು ಮತ್ತೊಮ್ಮೆ ಹಾಕಿ ನೋಡಿದಳು. ಆಮೇಲೆ ಹೊಸದರ ತುಣುಕು ಹಾಕಿದಳು. ಅದೇ ಮರ, ಅದೇ ಬಣ್ಣದ ಸೀರೆ. ಅಂದು ತನ್ನನ್ನು ಅಳಿಸಿದ್ದ ಹುಡುಗಿ ಇಂದು ವೇಷ ಹಾಕಿದವಳಂತೆ ಕಂಡಳು. ಇವಳ ಪರವಾಗಿದ್ದವಳು ತಾನೊಬ್ಬಳೇ. ತನಗೂ ಇವಳು ಸಾಲದೆ ಹೋದಳಲ್ಲ!

ಫೋನು ಮಗುಚಿಟ್ಟಳು. 'ಹಳೆಯದನ್ನು ನೋಡಿದ ಮೇಲೆ ನಾನೇ ಇವಳನ್ನು ಕ್ಷಮಿಸಲಾರೆ. ರತ್ನಳ ಜೊತೆ ಬಾಳಿದವರು ನನ್ನನ್ನು ಹೇಗೆ ಕ್ಷಮಿಸುತ್ತಾರೆ? ಅವಳ ಸೀರೆ ಉಟ್ಟು, ಅವಳ ಹೂವು ಮುಡಿದು, ದಿನವೂ ಆ ಮನೆಯಲ್ಲಿ...'

"ಅಮ್ಮ, ಈ ಸಂಬಂಧ ಬೇಡ ಅನ್ನಮ್ಮ."

"ತಾಂಬೂಲ ಆಗಿದೆ ಕಣೇ. ಊರಿಗೆಲ್ಲ ಏನಂತ ಹೇಳಣ?"

ಆವುಲಪ್ಪ ಮಗಳ ಮುಖ ನೋಡಿದರು. "ಹುಳು ಹಣ್ಣಾಗಿ ಗೂಡು ಕಟ್ಟಲಿ. ಆಮೇಲೆ ನಾನೇ ಹೋಗಿ ಹೇಳಿ ಬರ್ತೀನಿ."

ಅತ್ತ ಚಿಂತಾಮಣಿಯಲ್ಲಿ ಮಧು ಊಟ ಬಿಟ್ಟಿದ್ದ. ಟಾಕೀಸಿನಲ್ಲಿ ಜೊತೆಗೆ ಕೆಲಸ ಮಾಡುವ ಮುನೇಶ್ ಮನೆಮನೆಯಲ್ಲೂ ರೇಷ್ಮೆ ಸಾಕುವ ಜಂಗಮಕೋಟೆಯವನು. ಪೀಡಿಸಿ ಪೀಡಿಸಿ ವಿಷಯ ಹೊರಡಿಸಿದ. ಕೇಳಿದವನೇ ಹಣೆ ಚಚ್ಚಿಕೊಂಡ.

"ಹುಳುಮನೆಗೆ ಮಲ್ಲಿಗೆ ತಗೊಂಡು ಹೋಗಿದ್ಯಾ? ಲೋ, ನಮ್ಮೂರಲ್ಲಾಗಿದ್ರೆ ಹೂವಿನ ಜೊತೆ ನಿನ್ನೂ ಗೋಡೆ ಆಚೆ ಇಡ್ತಿದ್ರು ಕಣೋ. ಆಯಮ್ಮ ಮರ್ಯಾದೆಯಾಗಿ ಕಳಿಸಿದ್ದಾರೆ, ಹೋಗು."

ಹುಳು ಹಣ್ಣಾದ ದಿನ ಮನೆಯಲ್ಲಿ ಯಾರಿಗೂ ಕೂರಲು ಹೊತ್ತಿರಲಿಲ್ಲ. ಹಣ್ಣಾದ ಹುಳುವನ್ನು ಬೇಗ ಬೇಗ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಆ ದೊಡ್ಡ ತಟ್ಟೆಯ ಮೇಲೇ ಅವು ಗೂಡು ಕಟ್ಟುವುದು. ತಡವಾದರೆ ನೂಲು ಸೊಪ್ಪಿನ ಪಾಲು.

ಮಧು ಬಂದ. ನಲ್ಲಿಯಲ್ಲಿ ಕೈಕಾಲು ತೊಳೆದ. ಮುಖಕ್ಕೆ ಪೌಡರಿಲ್ಲ, ತಲೆಗೆ ಎಣ್ಣೆಯಿಲ್ಲ. ಹೊಸ್ತಿಲ ಆಚೆಯೇ ನಿಂತು, "ಮಾವ, ಒಳಗೆ ಬರಬಹುದಾ?" ಅಂದ.

ಆವುಲಪ್ಪ ಒಂದು ಗಳಿಗೆ ಮಗಳ ಕಡೆ ನೋಡಿದರು. ಆಮೇಲೆ, "ಬಂದಿದ್ದೀರಲ್ಲ, ಕೈ ಹಾಕಿ. ಆಳು ಸಾಲ್ದು," ಎಂದು ಹರಿಣಿಯ ಎದುರಿನ ಚಂದ್ರಿಕೆ ತೋರಿಸಿ, ತಾವು ಆಚೆ ಸಾಲಿಗೆ ಹೋದರು.

ಅವನು ಒಂದು ಹುಳು ಎತ್ತಿದ.

"ಅದು ಇನ್ನೂ ಹಸಿರು. ಬಿಡಿ, ತಿನ್ನಲಿ," ಅಂದಳು ಹರಿಣಿ. "ಹಳದಿ ತಿರುಗಿ ಮೈ ಗಾಜಿನ ಥರ ಇರೋದು ಎತ್ತಿ."

ಅವನು ಗಾಜಿನಂಥ ಎರಡು ಹುಳು ಆರಿಸಿ ಚಂದ್ರಿಕೆಗೆ ಬಿಟ್ಟ.

"ಹೂವು ಆಗಲ್ಲ ಅಂತ ಅವತ್ತೇ ಹೇಳಬಾರದಿತ್ತಾ? ಎರಡನೇ ಸಂಬಂಧದವನು ತಂದಿದ್ದು ಅಂತ ಕೈ ತೊಳ್ಕೊಂಡ್ರಿ ಅಂದ್ಕೊಂಡೆ."

ಅವಳ ಕೈ ನಿಂತಿತು. "ಅಯ್ಯೋ, ಹಾಗಲ್ಲ... ಆ ಹೂವು ನನಗೆ ತಂದಿದ್ದಲ್ಲ. ಅದಕ್ಕೇ ಮಾತು ಬರ್ಲಿಲ್ಲ."

"ಮತ್ತೆ ಯಾರಿಗೆ?"

"ರತ್ನ ಅಕ್ಕನಿಗೆ. ಸೀರೆನೂ ಅವರದ್ದೇ. ನನ್ನ ಆ ಸೀರೆಯಲ್ಲಿ ನೋಡಿ ನೀವು ಹೊರಟುಹೋಗಲಿಲ್ವಾ? ಹಳೇ ಸಿನಿಮಾ ನಾನೂ ನೋಡಿದೆ. ಎಷ್ಟು ಚೆನ್ನಾಗಿದೆ... ಆಮೇಲೆ ಆ ಹೊಸ ಹುಡುಗಿನ ನೋಡಕ್ಕೇ ಆಗ್ಲಿಲ್ಲ ನನಗೆ. ನಾಳೆ ನಿಮಗೂ ಹಾಗೇ ಆಗುತ್ತೆ. ಬೇಡ ಬಿಡಿ."

ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದೇ ಇಲ್ಲ.

"ಒಂದು ಹೇಳ್ಲಾ?" ಅವನ ದನಿ ತಗ್ಗಿತು. "ಆ ಹಳೇದು ಬಂದಾಗ ನಮ್ಮ ಟಾಕೀಸಲ್ಲಿ ಓಡ್ಲೇ ಇಲ್ವಂತೆ. ಮುನಿಗಂಗಪ್ಪ ಅಂತ ಹಳೇ ಆಪರೇಟರು ಹೇಳ್ತಾರೆ. ಮರದ ಸೀನಲ್ಲಿ 'ಬಾಯಿ ಬಿಟ್ಟು ಏನಾದ್ರೂ ಮಾತಾಡಮ್ಮ' ಅಂತ ಕೂಗಿದ್ದು ಯಾರು ಗೊತ್ತಾ? ಇದೇ ಎರ್ರಪ್ಪ ತಾತ. ಆಮೇಲೆ ಟೀವಿಯಲ್ಲಿ ನೋಡ್ತಾ ನೋಡ್ತಾ, ವಯಸ್ಸಾಗ್ತಾ ಆಗ್ತಾ, ಅದು ದೊಡ್ಡದಾಯ್ತು. ಈಗ ಅವರು ಹುಡುಕೋದು ಆ ಸಿನಿಮಾನೂ ಅಲ್ಲ. ತಾವು ಹುಡುಗರಾಗಿದ್ದ ಕಾಲನ. ಅದನ್ನ ಯಾರು ತೆಗೆದುಕೊಡ್ತಾರೆ?"

ಹರಿಣಿ ಕೇಳುತ್ತಿದ್ದಳು.

"ಅಮ್ಮ ಹೇಳೋ ರತ್ನನೂ ಹಾಗೇ. ಮಲ್ಲಿಗೆ ಅಂದ್ರೆ ಅವಳಿಗೆ ತಲೆನೋವು. ಅಮ್ಮನ ಸಮಾಧಾನಕ್ಕೆ ಮುಡಿದು, ಬೀದಿ ತಿರುಗಿದ ತಕ್ಷಣ ತೆಗೆದು ನನ್ನ ಜೇಬಿಗೆ ತುರುಕೋಳು. ಅಮ್ಮನಿಗೂ ಅವಳಿಗೂ ಉಪ್ಪಿನ ಡಬ್ಬ ಎಲ್ಲಿಡಬೇಕು ಅಂತ ಜಗಳ. ಸಿನಿಮಾಗೆ ಬಂದ್ರೆ ನಿದ್ದೆ ಹೋಗೋಳು."

"ಅವರನ್ನ ಕಡಿಮೆ ಮಾಡಿ ನನ್ನ ಸಮಾಧಾನ ಮಾಡಬೇಡಿ," ಅಂದಳು ಹರಿಣಿ, ಸ್ವಲ್ಪ ಗಡುಸಾಗಿ.

"ಕಡಿಮೆ ಮಾಡ್ತಿಲ್ಲ. ಅವಳು ಇದ್ದದ್ದೇ ಹಾಗೆ. ನಾನು ಕಳ್ಕೊಂಡಿದ್ದು ಆ ರತ್ನನ." ಅವನ ಕಣ್ಣು ತುಂಬಿ ಬಂತು. "ಅಮ್ಮ ಸಂಕಟಕ್ಕೆ ಮನಸ್ಸಲ್ಲೇ ಇನ್ನೊಬ್ಬ ರತ್ನನ ಮಾಡ್ಕೊಂಡಿದ್ದಾರೆ. ಅವಳ ಮುಂದೆ ನನ್ನ ರತ್ನನೇ ನಿಲ್ಲಲ್ಲ, ನೀವೆಲ್ಲಿ ನಿಲ್ತೀರಿ? ಆ ಸೀರೆ ನಿಮ್ಮ ಮೇಲೆ ನೋಡಿದಾಗ ಇಬ್ಬರಿಗೂ ಅನ್ಯಾಯ ಆಗ್ತಿದೆ ಅನ್ನಿಸ್ತು. ಅಮ್ಮನಿಗೆ ಬೇಡ ಅನ್ನಕ್ಕೆ ಧೈರ್ಯ ಬರ್ಲಿಲ್ಲ. ಓಡಿಹೋದೆ. ನಿಜವಾದ ರತ್ನನ ಬಗ್ಗೆ ಮಾತಾಡಕ್ಕೆ ನನಗೆ ಯಾರೂ ಇಲ್ಲ ಹರಿಣಿ."

ಮೊದಲ ಸಲ ಹೆಸರು ಹಿಡಿದು ಕರೆದಿದ್ದ.

ಅವಳ ಬೆರಳಿನ ಮೇಲೆ ಒಂದು ಹುಳು ಮೆಲ್ಲಗೆ ತಲೆಯಾಡಿಸುತ್ತಿತ್ತು. ಅದನ್ನು ಚಂದ್ರಿಕೆಗೆ ಬಿಟ್ಟು ಹೇಳಿದಳು. "ನನ್ನ ಹತ್ರ ಮಾತಾಡಿ."

ಅವನು ತಲೆ ಎತ್ತಿದ.

"ಸವತಿ ಬೊಟ್ಟು ಹಾಕ್ಕೊಳ್ತೀನಿ. ನನಗಿಂತ ಮೊದಲು ಒಬ್ಬರಿದ್ರು ಅಂತ ಅದು ಹೇಳುತ್ತೆ. ಅದು ನಿಜ ತಾನೇ? ಆದ್ರೆ ಅವರ ಸೀರೆ ಉಡಲ್ಲ. ಆ ಛತ್ರನೂ ಬೇಡ. ಇಲ್ಲಿ, ನಮ್ಮನೆ ಮುಂದೆ ಚಪ್ಪರ ಹಾಕಿ ಮಾಡ್ಕೊಳ್ಳಣ. ಚಿಕ್ಕದಾಗಿ ಆದ್ರೂ ಪರವಾಗಿಲ್ಲ."

"ಅಮ್ಮನಿಗೆ ಇವತ್ತೇ ಹೇಳ್ತೀನಿ."

"ಒಬ್ಬರೇ ಹೇಳಬೇಡಿ. ನಾನೂ ಬರ್ತೀನಿ, ಗೂಡು ಬಿಡಿಸಿದ ಮೇಲೆ. ಅವರು ಅಳ್ತಾರೆ. ಆಗ ಯಾರಾದ್ರೂ ಪಕ್ಕದಲ್ಲಿ ಕೂರಬೇಕು."

ಕೊನೆಯ ಚಂದ್ರಿಕೆಯನ್ನು ಇಬ್ಬರೂ ಹಿಡಿದು ಬಿಸಿಲು ಬೀಳದ ಗೋಡೆಗೆ ಒರಗಿಸಿದರು. ಅಂಗಳದಿಂದ ಅಮ್ಮ ಮುದ್ದೆ ತಿರುವುವ ಸದ್ದು ಬರುತ್ತಿತ್ತು.

"ನನ್ನ ಬಗ್ಗೆ ನಿಮಗೇನು ಗೊತ್ತು ಹೇಳಿ," ಅಂದಳು ಹರಿಣಿ, ಅವನ ಮುಖ ನೋಡದೆ.

"ಏನೂ ಗೊತ್ತಿಲ್ಲ."

"ಗೊತ್ತಿಲ್ದೆ ಮದುವೆ ಆಗ್ತೀರಾ?"

"ಗೊತ್ತು ಮಾಡ್ಕೊಳ್ಳಕ್ಕೇ ಆಗ್ತಿರೋದು."

"ಗೊತ್ತಾಗಿ ಬೇಜಾರಾದ್ರೆ?"

"ನಿಮಗೂ ಆಗಬಹುದಲ್ಲ. ಇಬ್ಬರೂ ಒಟ್ಟಿಗೆ ಬೇಜಾರು ಮಾಡ್ಕೊಳ್ಳಣ."

ಅವಳು ಸೆರಗಿನಂತೆ ದುಪಟ್ಟಾ ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಗಿಲ ಕಡೆ ನಡೆದಳು. "ಬನ್ನಿ, ಊಟ ಮಾಡ್ಕೊಂಡು ಹೋಗಿ."

"ಹೋಗಲೇಬೇಕಾ?"

ಹರಿಣಿ ಹೊಸ್ತಿಲಲ್ಲಿ ನಿಂತು, ಈ ಸಲ ಅವನ ಕಣ್ಣನ್ನೇ ನೋಡಿದಳು.

"ಇವತ್ತಿಗೆ ಹೋಗಿ," ಅಂದಳು.