ಬಾಗಿಲಿಗೆ ಕಲಿಸಿದ ಹೆಸರು

ಮಮತಾ ಮೊದಲ ಸಲ ಮಾತಾಡಿದ್ದು ನನ್ನೊಡನೆ ಅಲ್ಲ, ನಮ್ಮ ಮನೆಯ ಬಾಗಿಲೊಡನೆ.

ರಾಯದುರ್ಗದಲ್ಲಿ ನನ್ನದು ಸ್ಮಾರ್ಟ್ ಹೋಮ್ ಸಾಮಾನಿನ ಅಂಗಡಿ. ಗಿರಾಕಿಗಳಿಗೆ ತೋರಿಸಲಿಕ್ಕೆಂದು ಮೊದಲು ನಮ್ಮ ಮನೆಗೇ ಎಲ್ಲವನ್ನೂ ಹಾಕಿದ್ದೆ. ಟ್ಯಾಂಕು ತುಂಬಿದರೆ ಮೋಟಾರು ತಾನೇ ನಿಲ್ಲುತ್ತಿತ್ತು. ಅವ್ವನಿಗೆ ಅದೊಂದು ಬಹಳ ಹಿಡಿಸಿತ್ತು. ಬಾಗಿಲ ಮೇಲೆ ಕ್ಯಾಮೆರಾ, ಪಕ್ಕದಲ್ಲಿ ಸ್ಪೀಕರ್. ಬಂದವರನ್ನು ಗುರುತು ಹಿಡಿದು ಹೆಸರು ಕೂಗುವುದು ಅದರ ಎಐ ಮಾಡುವ ಕೆಲಸ.

ಅವ್ವನದು ಜೀನ್ಸ್ ಜಾಬ್‌ವರ್ಕ್. ಹೊಲಿದ ಪ್ಯಾಂಟುಗಳನ್ನು ಹೆಂಗಸರು ತಮ್ಮ ರೂಮಿಗೆ ಒಯ್ದು, ಹೆಚ್ಚಿನ ದಾರ ಕತ್ತರಿಸಿ, ಸೋಮವಾರ ಮತ್ತು ಗುರುವಾರ ಬಂಡಲ್ ಕಟ್ಟಿ ತರುತ್ತಿದ್ದರು. ಅವ್ವ ಬಂಡಲ್ ಎಣಿಸುತ್ತಿದ್ದಳೇ ಹೊರತು ಹೊಸಬರ ಹೆಸರು ಕೇಳುತ್ತಿರಲಿಲ್ಲ. ಮಮತಾ ಅವರಲ್ಲಿ ಹೊಸಬಳು. ಗುಡಿಬಂಡೆ ಕಡೆಯ ಹಳ್ಳಿಯವಳು.

"ಅಪರಿಚಿತರು ಬಂದಿದ್ದಾರೆ," ಎಂದಿತು ಸ್ಪೀಕರ್.

"ಅಪರಿಚಿತರೇನಲ್ಲ, ಮಮತಾ. ತಲೆ ಮೇಲೆ ಭಾರ ಐತೆ, ಬೇಗ ತೆಗಿಯಮ್ಮ," ಎಂದಳು ಹೊರಗಿನಿಂದ.

ನಾನು ಬಾಗಿಲು ತೆಗೆದಾಗ ಅವಳು ನನ್ನ ಹೆಗಲಾಚೆ ಇಣುಕಿದಳು. ಜೀನ್ಸಿನ ದೂಳಿಗೆಂದು ಮೂಗಿನ ತನಕ ನೀಲಿ ವೇಲು ಕಟ್ಟಿದ್ದಳು. ಕಣ್ಣು ಮಾತ್ರ ಕಾಣುತ್ತಿತ್ತು. ರೆಪ್ಪೆಯ ಮೇಲೂ ನೀಲಿ ದೂಳು.

"ಆಯಮ್ಮ ಎಲ್ಲಿ?"

"ಯಾವ ಆಯಮ್ಮ? ಅದು ಮೆಷಿನ್."

"ಮೆಷಿನ್ನಾ? ಮಾತಲ್ಲಿ ಅಷ್ಟು ಕೊಬ್ಬೈತೆ!"

ನಕ್ಕಾಗ ವೇಲು ಜಾರಿತು. ಎತ್ತಿಕೊಳ್ಳಲು ತಡ ಮಾಡಿದಳು. ಬೇಕೆಂದೇ ತಡ ಮಾಡಿದಳು ಎಂದು ಇವತ್ತಿಗೂ ನಂಬಿದ್ದೇನೆ.

ಆಮೇಲೆ ಅವಳು ಕತ್ತರಿ ಮರೆಯತೊಡಗಿದಳು. ದಾರದುಂಡೆ ಮರೆತಳು. ಒಮ್ಮೆ ಒಂದು ಚಪ್ಪಲಿಯನ್ನೇ ಬಿಟ್ಟುಹೋಗಿ ಮರುದಿನ ಬಂದಳು. ನಾನು ಬಾಗಿಲ ಒಳಗೆ, ಅವಳು ಹೊರಗೆ. ಬಂಡಲ್ ಹೆಂಗಸರು ಹೊಸ್ತಿಲು ದಾಟುವಂತಿಲ್ಲ ಎಂಬುದು ಅವ್ವನ ಕಟ್ಟಳೆ.

"ಸಾವ್ಕಾರ್ರೇ, ಈ ಡಬ್ಬದಿಂದ ಏನುಪಯೋಗ?"

"ಮನೆಯವ್ರು ಯಾರು, ಹೊರಗಿನವ್ರು ಯಾರು ಅಂತ ಗೊತ್ತಾಗ್ತೈತಿ."

"ಅದು ನಿಮ್ಮವ್ವಂಗೆ ಕರೆಂಟ್ ಇಲ್ದಿದ್ರೂ ಗೊತ್ತಾಗ್ತೈತೆ." ಆಮೇಲೆ ದನಿ ತಗ್ಗಿಸಿ, "ಅದಕ್ಕೆ ನನ್ನ ಹೆಸರು ಕಲ್ಸು. ಎಷ್ಟು ದಿನ ಅಪರಿಚಿತರು ಅನ್ನಿಸ್ಕೊಳ್ಳಲಿ?"

"ನೋಡ್ತಾ ನೋಡ್ತಾ ಅದೇ ಕಲಿತೈತಿ."

"ಮನೆಯವರು ಹೇಳ್ದೇ ಹೆಂಗೆ ಕಲಿತೈತೆ?"

ಮೂರು ತಿಂಗಳು ಹೀಗೇ ಹೋಯಿತು. ಒಂದು ಮಧ್ಯಾಹ್ನ, ಬಸ್ ಸ್ಟ್ಯಾಂಡಿನ ಹಿಂದಿನ ಕಬ್ಬಿನಹಾಲಿನ ಅಂಗಡಿಯಲ್ಲಿ ಅವಳು ಲೋಟ ಕೆಳಗಿಟ್ಟು ಹೇಳಿದಳು. ಅವಳ ಅಣ್ಣ ಚಿರಂಜೀವಿ ಹಿಂದೂಪುರದ ಹತ್ತಿರದ ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಅವಳಿಗೆ ಸೂಪರ್‌ವೈಸರ್ ಕೆಲಸ ನೋಡಿದ್ದ. ಶುಕ್ರವಾರ ಹೊರಡಬೇಕಿತ್ತು.

"ಹೋಗ್ಲಾ ಬೇಡ್ವಾ ಅಂತ ನಿನ್ನ ಕೇಳ್ತಿಲ್ಲ. ಗುರುವಾರ ಬಂಡಲ್ ತತ್ತೀನಿ. ನಿಮ್ಮವ್ವ ಇದ್ದಾಗಲೇ ಹೆಸರು ಹಿಡಿದು ನನ್ನ ಒಳಕ್ಕೆ ಕರಿ. ಕರೆದ್ರೆ ಬಸ್ಸು ಹತ್ತಲ್ಲ."

"ಕರೀತೀನಿ. ನಿನ್ನಾಣಿ."

"ನನ್ನಾಣೆ ಯಾಕೆ? ನೀನು ತಪ್ಪಿದ್ರೆ ನಾನು ಸಾಯ್ಬೇಕಾ? ನಿನ್ನ ಅಂಗಡಿ ಆಣೆ ಹಾಕು."

ಹಾಕಿದೆ. ನಗುತ್ತಲೇ ಹಾಕಿದೆ.

ಬುಧವಾರ ಊಟಕ್ಕೆ ಕೂತಾಗ ನನ್ನ ಫೋನು, ಅವ್ವನ ಫೋನು ಒಟ್ಟಿಗೇ ಸದ್ದು ಮಾಡಿದವು. ಬಾಗಿಲ ಕ್ಯಾಮೆರಾದ ಆ್ಯಪ್ ಕೇಳುತ್ತಿತ್ತು: "ಈ ವ್ಯಕ್ತಿ ಈ ತಿಂಗಳು ಹದಿಮೂರು ಸಲ ಬಂದಿದ್ದಾರೆ. ಹೆಸರು ಕೊಡುತ್ತೀರಾ?" ಕೆಳಗೆ ಫೋಟೊ. ಎರಡು ಕಣ್ಣು, ನೀಲಿ ವೇಲು.

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಬಂಡಲ್ ವಾರಕ್ಕ ಎರಡೇ ಸಲ. ಹದಿಮೂರು ಯಾಕಾತು?"

"ಕತ್ತರಿ ಮರೆತಿದ್ಲಂತ."

"ಯಾರದು?"

ಮೂರೇ ಅಕ್ಷರ. ನಾನು ಬಾಯಿಬಿಟ್ಟು ಮಾತು ಶುರು ಮಾಡುವ ಕಷ್ಟವೂ ಇರಲಿಲ್ಲ. ಮೆಷಿನ್ನೇ ಪ್ರಶ್ನೆ ಕೇಳಿತ್ತು, ಅವ್ವನೇ ಉತ್ತರಕ್ಕೆ ಕಾಯುತ್ತಿದ್ದಳು.

"ಕೆಲಸದಾಕಿ," ಎಂದೆ.

"ಹಂಗಂತ ಬರಿ ಮತ್ತ."

ಬರೆದೆ. ಕೊನೆಯ ಅಕ್ಷರದ ತನಕ ನೋಡಿ ಅವ್ವ ಪಲ್ಯ ಬಡಿಸಿಕೊಂಡಳು. ನಾಳೆ ಬಾಯಲ್ಲೇ ಹೇಳುತ್ತೇನಲ್ಲ, ಆ್ಯಪಿನಲ್ಲಿ ಏನಿದ್ದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿಗಳಿಗೆ ಇಂಥ ಸಮಾಧಾನ ಬೇಗ ಸಿಗುತ್ತದೆ.

ಗುರುವಾರ ಹನ್ನೊಂದು ಗಂಟೆಗೆ ಸ್ಪೀಕರ್ ಕೂಗಿತು.

"ಕೆಲಸದಾಕಿ ಬಂದಿದ್ದಾರೆ."

ಬಾಗಿಲು ತೆಗೆದೆ. ತಲೆಗೆ ಎರೆದುಕೊಂಡು, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ಬಂದಿದ್ದಳು. ಬಂಡಲ್ ಇನ್ನೂ ತಲೆಯ ಮೇಲಿತ್ತು. ವೇಲಿನ ಮೇಲಿನ ಕಣ್ಣು ನನ್ನ ಮುಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹುಡುಕಿತು.

"ಯಾರು ಕಲ್ಸಿದ್ದು?"

ನಾನು ಸ್ಪೀಕರ್ ಕಡೆ ನೋಡಿದೆ.

"ಮೆಷಿನ್ನಿಗಾದ್ರೂ ಮರ್ಯಾದೆ ಐತೆ. 'ಬಂದಿದ್ದಾರೆ' ಅಂತು."

ಹಿಂದಿನಿಂದ ಅವ್ವ, "ಬಿಸಿಲಾಗ ಯಾಕ ನಿಂತೀಯವಾ? ಇಳಿಸಿ ಹೋಗು," ಎಂದಳು.

ಮಮತಾ ಹೋಗಲಿಲ್ಲ. ಕಾದಳು. ಕತ್ತಿನ ನರ ಉಬ್ಬಿತ್ತು. ಅಷ್ಟು ಭಾರ ಹೊತ್ತು ಯಾರೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಹೆಸರು ನನ್ನ ನಾಲಗೆಯ ಮೇಲಿತ್ತು. ನಾನು ಕೈ ಚಾಚಿ ಬಂಡಲ್ ಇಳಿಸಿಕೊಂಡೆ. ನಾನು ಮಾಡಿದ್ದು ಅಷ್ಟೇ.

ಅವಳು ವೇಲು ಬಿಚ್ಚಿ ಮುಖ ಒರೆಸಿಕೊಂಡು ಅದನ್ನು ಬಂಡಲ್ ಮೇಲೆ ಹಾಕಿದಳು.

"ಇನ್ನು ದೂಳಿಲ್ಲ ನನಗೆ. ಅಂಗಡಿ ಹುಷಾರು ರೀ."

ಹಿಂದೆ 'ಸಾವ್ಕಾರ್ರೇ' ಎಂದಾಗಲೆಲ್ಲ ಅದರಲ್ಲಿ ನಗು ಇರುತ್ತಿತ್ತು. ಈ 'ರೀ'ಯಲ್ಲಿ ಇರಲಿಲ್ಲ.

ಶುಕ್ರವಾರ ಅವಳು ಬಸ್ಸು ಹತ್ತಿದಳು. ನಾನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಭಾನುವಾರ ಅವ್ವ ಬೆಳುಗುಪ್ಪಕ್ಕೆ ಹೋದಾಗ ಆ್ಯಪ್ ತೆರೆದು 'ಕೆಲಸದಾಕಿ' ಅಳಿಸಿ 'ಮಮತಾ' ಎಂದು ಬರೆದೆ. ಯಾರೂ ಬರದ ಬಾಗಿಲಿಗೆ ಯಾವ ಹೆಸರನ್ನಾದರೂ ಕಲಿಸಬಹುದು.

ಒಂದು ತಿಂಗಳ ಮೇಲೆ, ಸೋಮವಾರ, ನಾನು ಮಹಡಿಯಲ್ಲಿ ಸ್ವಿಚ್ ಬದಲಿಸುತ್ತಿದ್ದೆ.

"ಮಮತಾ ಬಂದಿದ್ದಾರೆ."

ಮೆಟ್ಟಿಲು ಹೇಗೆ ಇಳಿದೆನೋ ತಿಳಿಯದು. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಬಾಗಿಲು ತೆಗೆದು, ಬರಿಗಾಲಲ್ಲಿ ಹೊಸ್ತಿಲು ದಾಟಿ ಹೊರಗೇ ಹೋದೆ.

ನಿಂತಿದ್ದವಳು ಉಚ್ಚಂಗಮ್ಮ. ಇಪ್ಪತ್ತು ವರ್ಷದಿಂದ ಅವ್ವನಿಗೆ ದಾರ ಕತ್ತರಿಸುವವಳು. ತಲೆಯ ಮೇಲೆ ಬಂಡಲ್, ಮೂಗಿನ ತನಕ ಅದೇ ನೀಲಿ ವೇಲು.

"ಯಾಕ್ರೀ ಹಿಂಗ ಓಡಿ ಬಂದ್ರಿ? ಆ ಹುಡುಗಿ ಬಿಟ್ಟುಹೋಗಿದ್ದ ವೇಲ್ರೀ ಇದು. ನಿಮ್ಮವ್ವಾರೇ ಕೊಟ್ರು. ದೂಳಿಗೆ ಚಲೋ ಐತಿ."

ಅಷ್ಟು ತಿಂಗಳು ಮೆಷಿನ್ ಗುರುತು ಹಿಡಿದದ್ದು ಮುಖವನ್ನಲ್ಲ, ಬಟ್ಟೆಯನ್ನು.

ಒಳಗಿನಿಂದ ಅವ್ವ ಬಂದಳು. ನನ್ನ ಬರಿಗಾಲು ನೋಡಿದಳು, ಸ್ಕ್ರೂಡ್ರೈವರ್ ನೋಡಿದಳು.

"ಮಮತಾ ಅಂದ್ರ ಯಾರೋ?"

ಈಗ ಕಾಯುವವರು ಯಾರೂ ಇರಲಿಲ್ಲ. ತಪ್ಪುವ ಬಸ್ಸೂ ಇರಲಿಲ್ಲ. ಸುಮ್ಮನೆ ಒಂದು ನಿಜ ಹೇಳಿದರೆ ಸಾಕಿತ್ತು.

"ಮೆಷಿನ್ ತಪ್ಪು ಹೇಳೈತಿ ಅವ್ವಾ."

"ಹಂಗಾರ ಸರಿ ಮಾಡು."

ಸ್ಕ್ರೂಡ್ರೈವರ್ ಜೇಬಿಗೆ ಹಾಕಿ ಫೋನು ತೆಗೆದೆ. ಸರಿ ಮಾಡಿದೆ.